ದಂಡಿನ ಅಮ್ಮಂದಿರೂ ದೇಶಾಂತರದ ದೇವಿಯಾತ್ರೆಯೂ



ಆಷಾಢ ಕಾಲಿಟ್ಟಿತೆಂದರೆ ಬೆಂಗಳೂರು ದಂಡಿನ ಗಲ್ಲಿಗಳಲ್ಲಿ ಬೇವಿನ ಸೊಪ್ಪಿನ ತೋರಣಗಳು ಕಾಣಿಸಿಕೊಳ್ಳುತ್ತವೆ. ಹಲಸೂರು, ಶಿವಾಜಿನಗರಗಳ ಹಳೆಯ ಕೇರಿಗಳಲ್ಲಿ ಅಮ್ಮನ ಗುಡಿಯ ಮುಂದೆ ದೊಡ್ಡ ಪಾತ್ರೆಗಳಲ್ಲಿ ರಾಗಿಯ ಗಂಜಿ ಕುದಿಯುತ್ತದೆ. ತಮಿಳು ಮನೆಮಾತಿನವರು ಅದನ್ನು ಕೂಳು ಎನ್ನುತ್ತಾರೆ, ಕನ್ನಡದವರು ಅಂಬಲಿ ಎನ್ನುತ್ತಾರೆ. ತಂಬಿಟ್ಟಿನ ಆರತಿ ಹೊತ್ತ ಹೆಣ್ಣುಮಕ್ಕಳು ಬರಿಗಾಲಿನಲ್ಲಿ, ವಾಹನಗಳ ನಡುವೆ ದಾರಿ ಮಾಡಿಕೊಳ್ಳುತ್ತ ನಡೆಯುತ್ತಾರೆ. ಇವರಲ್ಲಿ ಹಲವರು ಪರರ ಮನೆಯಲ್ಲಿ ಪಾತ್ರೆ ತಿಕ್ಕುವವರು, ಬೀದಿ ಗುಡಿಸುವವರು, ಹೂವು ಕಟ್ಟಿ ಮಾರುವವರು. ಇದೂ ಒಂದು ಯಾತ್ರೆಯೇ. ಅದರ ದೂರ ಹೆಚ್ಚೆಂದರೆ ಒಂದು ಮೈಲಿ. ವೆಚ್ಚ ಒಂದು ದಿನದ ಕೂಲಿ.

ಇದಕ್ಕೆ ತೀರ ಭಿನ್ನವಾದ ಇನ್ನೊಂದು ಯಾತ್ರೆಯ ಮಾತು ಈಚಿನ ವರ್ಷಗಳಲ್ಲಿ ಜಗತ್ತಿನ ಅನುಕೂಲಸ್ಥ ನಗರಗಳಲ್ಲೆಲ್ಲ ಕೇಳಿಬರುತ್ತಿದೆ. ಮೆಕ್ಸಿಕೋ ದೇಶದ ಪ್ರಾಚೀನ ಮಾಯಾ ಜನರ ಪುಣ್ಯಸ್ಥಳಗಳಿಗೆ ‘ದಿವ್ಯ ಸ್ತ್ರೀತತ್ತ್ವ’ವನ್ನು ಅರಸಿಕೊಂಡು ಹೋಗುವ ಯಾತ್ರೆ ಅದು. ಸಮುದ್ರತೀರದ ವಸತಿ, ಹುಣ್ಣಿಮೆಯ ಧ್ಯಾನ, ಪಾಳುಗುಡಿಗಳ ಮುಂದೆ ನೃತ್ಯ, ಕೊನೆಗೆ ‘ನಿಮ್ಮೊಳಗಿನ ದೇವಿಯನ್ನು ಎಚ್ಚರಿಸಿಕೊಳ್ಳಿ’ ಎಂಬ ಉಪದೇಶ. ಇವಿಷ್ಟೂ ಸೇರಿ ಒಂದು ಬೆಲೆ. ಹೆಣ್ಣನ್ನು ಹೀನವೆಂದು ಸಾವಿರಾರು ವರ್ಷ ಸಾರಿದ ಲೋಕದಲ್ಲಿ ಹೆಣ್ತನಕ್ಕೆ ದೈವತ್ವವನ್ನು ಹೇಳುವ ಮಾತು ಮೊದಲು ಕಿವಿಗೆ ಹಿತವಾಗಿಯೇ ಕೇಳಿಸುತ್ತದೆ. ಅದನ್ನು ಬಾಯಿಗೆ ಬಂದಂತೆ ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಈ ಮಾತು ದೇವಿಯ ಬಗೆಗೆ ಏನನ್ನು ಹೇಳುತ್ತದೆ, ಏನನ್ನು ಮರೆಸುತ್ತದೆ ಎಂಬುದನ್ನು ವಿಚಾರಿಸದೆ ಬಿಡುವಂತಿಲ್ಲ. ಏಕೆಂದರೆ ಇದೇ ಮಾತು ಈಗ ನಮ್ಮ ಶಕ್ತಿದೇವತೆಗಳ ಮೇಲೂ ಹೊದಿಕೆಯಾಗಿ ಬೀಳುತ್ತಿದೆ.

ಮೊದಲು ಮಾಯಾ ದೇವಿಯ ವೃತ್ತಾಂತವನ್ನೇ ನೋಡೋಣ. (ನಮ್ಮ ವೇದಾಂತಿಗಳ ಮಾಯೆಗೂ ಈ ಜನಕ್ಕೂ ಹೆಸರಿನ ಹೋಲಿಕೆಯ ಹೊರತು ಏನೇನೂ ಸಂಬಂಧವಿಲ್ಲ, ಇದ್ದಂತೆ ಬರೆದಿರುವವರು ಉಂಟು, ಅದನ್ನು ನಂಬಬೇಕಾಗಿಲ್ಲ.) ಯುಕಟಾನ್ ಪರ್ಯಾಯದ್ವೀಪದ ಪೂರ್ವಕ್ಕೆ ಕೊಜುಮೆಲ್ ಎಂಬ ದ್ವೀಪವಿದೆ. ಅಲ್ಲಿ ಇಶ್ ಚೆಲ್ ಎಂಬ ದೇವಿಯ ಕ್ಷೇತ್ರವಿತ್ತು. ಡಿಯೆಗೊ ದೆ ಲಾಂಡಾ ಎಂಬ ಸ್ಪೇನಿನ ಪಾದ್ರಿ ೧೫೬೬ರ ಸುಮಾರಿಗೆ ಬರೆದ ವೃತ್ತಾಂತದಲ್ಲಿ, ನಾವು ಜೆರೂಸಲೇಮಿಗೂ ರೋಮಿಗೂ ಹೋಗುವ ಭಕ್ತಿಯಿಂದಲೇ ಈ ಜನ ಕೊಜುಮೆಲ್ಲಿಗೆ ಹೋಗುತ್ತಿದ್ದರೆಂದು ಹೇಳಿದ್ದಾನೆ. ಹೆರಿಗೆಯ ಸಮಯದಲ್ಲಿ ಸೂಲಗಿತ್ತಿಯರು ಬಸುರಿಯ ಹಾಸಿಗೆಯ ಕೆಳಗೆ ಇಶ್ ಚೆಲ್ಲಳ ಬೊಂಬೆಯನ್ನಿಡುತ್ತಿದ್ದರೆಂಬುದನ್ನೂ ಅವನೇ ದಾಖಲಿಸಿದ್ದಾನೆ. ವಿಪರ್ಯಾಸವೇನೆಂದರೆ, ಇದೇ ಲಾಂಡಾ ೧೫೬೨ರಲ್ಲಿ ಮಾನಿ ಎಂಬ ಊರಿನಲ್ಲಿ ಮಾಯಾ ಜನರ ಗ್ರಂಥಗಳನ್ನೂ ವಿಗ್ರಹಗಳನ್ನೂ ರಾಶಿ ಹಾಕಿ ಸುಡಿಸಿದವನು. ಇಂದು ಉಳಿದಿರುವ ಮಾಯಾ ಹಸ್ತಪ್ರತಿಗಳು ಕೇವಲ ನಾಲ್ಕು.

ಆ ನಾಲ್ಕರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿರುವ ಪ್ರತಿಯಲ್ಲಿ ಒಬ್ಬ ಮುದುಕಿ ದೇವಿಯ ಚಿತ್ರವಿದೆ. ತಲೆಯ ಮೇಲೆ ಸುತ್ತಿಕೊಂಡ ಹಾವು, ಉಗುರುಗಳ ಜಾಗದಲ್ಲಿ ಮೃಗದ ಪಂಜ, ಉಟ್ಟ ಬಟ್ಟೆಯ ಮೇಲೆ ಅಡ್ಡಡ್ಡವಾಗಿ ಬರೆದ ಎಲುಬುಗಳು. ಕೈಯಲ್ಲಿನ ಕೊಡವನ್ನು ಬಗ್ಗಿಸಿ ಭೂಮಿಯ ಮೇಲೆ ಪ್ರಳಯದ ನೀರನ್ನು ಸುರಿಯುತ್ತಿದ್ದಾಳೆ. ಇವಳೇ ಸೂಲಗಿತ್ತಿಯರ ಅಜ್ಜಿ, ಔಷಧದ ಒಡತಿ, ಇಶ್ ಚೆಲ್ ಎಂಬುದು ಹಲವು ವಿದ್ವಾಂಸರ ನಿರ್ಣಯ. ಯಾತ್ರೆಯ ಕರಪತ್ರಗಳಲ್ಲಿ ಕಾಣುವ ಇಶ್ ಚೆಲ್ಲಳಾದರೋ ಚಂದ್ರಬಿಂಬದಲ್ಲಿ ಮೊಲವನ್ನೆತ್ತಿಕೊಂಡು ಕುಳಿತ ಸುಕುಮಾರಿ. ಮಾಯಾ ಜನರಲ್ಲಿ ಹಾಗೊಬ್ಬ ತರುಣ ಚಂದ್ರದೇವಿಯೂ ಇದ್ದಳು, ನಿಜ. ಎರಿಕ್ ಥಾಂಪ್ಸನ್ ಎಂಬ ಪಂಡಿತರು ಕಳೆದ ಶತಮಾನದಲ್ಲಿ ಇಬ್ಬರನ್ನೂ ಒಂದಾಗಿ ಎಣಿಸಿದರು; ಕಾರ್ಲ್ ಟೌಬೆ ಎಂಬ ವಿದ್ವಾಂಸರು ೧೯೯೨ರಲ್ಲಿ ಅವರಿಬ್ಬರನ್ನೂ ಬೇರ್ಪಡಿಸಿ ತೋರಿಸಿದರು. ಪ್ರವಾಸದವರಿಗೆ ಮಾತ್ರ ಹಳೆಯ ಅಭಿಪ್ರಾಯವೇ ಅನುಕೂಲ. ಪಂಜದ ಅಜ್ಜಿಗೆ ಗಿರಾಕಿಗಳಿಲ್ಲ.

ವಾಚಕರೇ, ಇಲ್ಲಿಯೇ ನಮ್ಮ ಮುಖ್ಯ ಆಕ್ಷೇಪಣೆಯಿದೆ. ಹೆರಿಗೆಯಲ್ಲಿ ಸಾಯುವ ಹೆಣ್ಣಿನ ಭಯ, ಬೆಳೆಯನ್ನು ಕೊಚ್ಚಿಕೊಂಡು ಹೋಗುವ ಮಳೆಯ ಭಯ, ಇವು ಯಾರ ಕೈಗಳಿಂದ ಆ ದೇವಿಗೆ ಪಂಜವನ್ನು ಬರೆಯಿಸಿದವೋ ಆ ಜನರನ್ನೇ ಈ ಯಾತ್ರೆ ಕಾಣುವುದಿಲ್ಲ. ಮಾಯಾ ಜನ ಅಳಿದುಹೋದರೆಂಬಂತೆ ಯಾತ್ರಿಕರು ಮಾತಾಡುತ್ತಾರೆ. ೨೦೨೦ರ ಮೆಕ್ಸಿಕೋ ಜನಗಣತಿಯಲ್ಲಿ ಯುಕಟಾನಿನ ಮಾಯಾ ಭಾಷೆಯನ್ನಾಡುವವರೇ ಏಳೂವರೆ ಲಕ್ಷಕ್ಕೆ ಮಿಕ್ಕಿದ್ದರು. ನೆರೆಯ ಗ್ವಾಟೆಮಾಲದಲ್ಲಿ ೧೯೬೦ರಿಂದ ೧೯೯೬ರವರೆಗೆ ನಡೆದ ಅಂತರ್ಯುದ್ಧದಲ್ಲಿ ಅತಿ ಹೆಚ್ಚು ಸತ್ತವರು ಮಾಯಾ ಜನರೇ. ಅವರ ನೋವನ್ನು ಲೋಕಕ್ಕೆ ಸಾರಿದ ರಿಗೊಬೆರ್ತಾ ಮೆಂಚು ಎಂಬ ಮಾಯಾ ಹೆಣ್ಣುಮಗಳಿಗೆ ೧೯೯೨ರಲ್ಲಿ ಶಾಂತಿಯ ನೊಬೆಲ್ ಪಾರಿತೋಷಕ ಸಂದಿತು. ಸೆಪುರ್ ಸಾರ್ಕೊ ಎಂಬ ಸೈನಿಕ ಠಾಣೆಯಲ್ಲಿ ದಾಸ್ಯಕ್ಕೂ ಅತ್ಯಾಚಾರಕ್ಕೂ ಗುರಿಯಾಗಿದ್ದ ಮಾಯಾ ಹೆಂಗಸರು, ಮುಪ್ಪಿನಲ್ಲಿ, ೨೦೧೬ರಲ್ಲಿ, ನ್ಯಾಯಾಲಯದ ಮುಂದೆ ನಿಂತು ಅಪರಾಧಿಗಳಿಗೆ ಶಿಕ್ಷೆಯಾಗುವಂತೆ ಮಾಡಿದರು. ದಿವ್ಯ ಸ್ತ್ರೀತತ್ತ್ವವನ್ನು ಕೊಂಡಾಡುವವರು ಈ ಮುದುಕಿಯರ ಊರಿಗೆ ಏಕೆ ಯಾತ್ರೆ ಹೋಗುವುದಿಲ್ಲ? ಪಾಳುಗುಡಿ ಮಾತಾಡುವುದಿಲ್ಲ, ತಿರುಗಿ ಪ್ರಶ್ನೆ ಕೇಳುವುದಿಲ್ಲ. ಬದುಕಿರುವ ಹೆಂಗಸು ಕೇಳುತ್ತಾಳೆ.

ಕೊಜುಮೆಲ್ಲಿನ ಕಥೆಗೆ ಇನ್ನೊಂದು ಅಧ್ಯಾಯವಿದೆ. ೧೫೧೯ರಲ್ಲಿ ಅಲ್ಲಿಗೆ ಬಂದ ಸ್ಪೇನಿನ ದಂಡನಾಯಕ ಕೋರ್ಟೆಸ್ ಗುಡಿಯ ವಿಗ್ರಹಗಳನ್ನು ಒಡೆಸಿ, ಅದೇ ಸ್ಥಳದಲ್ಲಿ ಕನ್ಯಾಮಾತೆ ಮೇರಿಯ ಪ್ರತಿಮೆಯನ್ನು ಇರಿಸಿದನು. ಒಬ್ಬ ತಾಯಿಯನ್ನು ಕೆಡವಿ ಇನ್ನೊಬ್ಬ ತಾಯಿಯನ್ನು ಕೂರಿಸಿದ್ದು ಅಲ್ಲಿನ ಇತಿಹಾಸ. ನಮ್ಮ ದಂಡಿನಲ್ಲಿಯೂ ಇಬ್ಬರು ತಾಯಂದಿರು ನೆರೆಹೊರೆಯಲ್ಲಿದ್ದಾರೆ. ಆದರೆ ಇಲ್ಲಿ ನಡೆದುದು ಬೇರೆ.

ಶಿವಾಜಿನಗರದ ಸಂತ ಮೇರಿಯ ಬೆಸಿಲಿಕಾವನ್ನು ನೋಡದ ಬೆಂಗಳೂರಿಗರು ವಿರಳ. ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್ ೧೮೧೮ರಲ್ಲಿ ಅಲ್ಲಿ ಒಂದು ಹುಲ್ಲಿನ ಮಾಡಿನ ಪ್ರಾರ್ಥನಾಮಂದಿರವನ್ನು ಕಟ್ಟಿಸಿದರು. ಈಗಿನ ಎತ್ತರದ ಗೋಪುರದ ಕಟ್ಟಡ ೧೮೮೨ರ ಸೆಪ್ಟೆಂಬರ್ ೮ರಂದು ಪ್ರತಿಷ್ಠೆಗೊಂಡಿತು. ೧೯೭೪ರಲ್ಲಿ ಅದಕ್ಕೆ ಬೆಸಿಲಿಕಾ ಎಂಬ ಪದವಿ ಬಂದಿತು. ಪ್ರತಿ ವರ್ಷ ಆಗಸ್ಟ್ ೨೯ರಂದು ಧ್ವಜವೇರಿಸಿ ಸೆಪ್ಟೆಂಬರ್ ೮ರಂದು ರಥೋತ್ಸವ ನಡೆಸುತ್ತಾರೆ. ತಾಯಿಗೆ ಸೀರೆ ಉಡಿಸುತ್ತಾರೆ. ಹರಕೆ ಹೊತ್ತ ಹೆಂಗಸರು ಕಾವಿಯ ಬಣ್ಣದ ಸೀರೆಯುಟ್ಟು ಬರುತ್ತಾರೆ. ಬರುವವರೆಲ್ಲ ಕ್ರೈಸ್ತರೆಂದು ತಿಳಿಯಬಾರದು. ಹಣೆಯಲ್ಲಿ ಕುಂಕುಮವಿಟ್ಟವರೂ, ಬುರ್ಖಾ ತೊಟ್ಟವರೂ ಮೇಣದ ಬತ್ತಿ ಹಿಡಿದು ನಿಲ್ಲುತ್ತಾರೆ. ನಮ್ಮ ಆಚಾರ ವ್ಯವಹಾರಗಳ ಬಗೆಗೆ ದೊಡ್ಡ ಗ್ರಂಥವನ್ನೇ ಬರೆದು ಅವುಗಳನ್ನು ಕಟುವಾಗಿ ಟೀಕಿಸಿದ ದುಬೊಯ್ ಈ ರಥವನ್ನು ಕಂಡಿದ್ದರೆ ಏನನ್ನುತ್ತಿದ್ದರೋ! ಅದೇ ದುಬೊಯ್ ಮೈಸೂರು ಸೀಮೆಯಲ್ಲಿ ಸಿಡುಬಿನ ದಾಕು ಹಾಕಿಸುವ ಕೆಲಸದಲ್ಲಿ ಮುಂದಾಗಿದ್ದವರು ಎಂಬುದನ್ನು ಇಲ್ಲಿ ನೆನೆಯಬೇಕು. ಏಕೆಂದರೆ ಆ ಗುಡಿಯ ಸುತ್ತಲಿನ ಬೀದಿಗಳ ಇನ್ನೊಬ್ಬ ತಾಯಿ ಸಿಡುಬಿನವಳು.

೧೮೦೯ರಲ್ಲಿ ಬ್ರಿಟಿಷರ ಸೇನೆ ಶ್ರೀರಂಗಪಟ್ಟಣದಿಂದ ಹಲಸೂರಿನ ಬಯಲಿಗೆ ಬಂದು ನೆಲೆಸಿತು. ಅದರ ಬೆನ್ನಿಗೆ ತಮಿಳು, ತೆಲುಗು ಸೀಮೆಗಳಿಂದ ಸಿಪಾಯಿಗಳು, ಗಾರೆಯವರು, ಅಡಿಗೆಯವರು, ಆಯಾಗಳು, ಜಾಡಮಾಲಿಗಳು ಬಂದರು. ಜೊತೆಯಲ್ಲಿ ಮಾರಿಯಮ್ಮನೂ ಮುತ್ಯಾಲಮ್ಮನೂ ಬಂದರು. ಮುತ್ತು ಎಂದರೆ ಆಭರಣದ ಮುತ್ತು ಮಾತ್ರವಲ್ಲ; ಮೈಮೇಲೆ ಏಳುವ ಸಿಡುಬಿನ ಗುಳ್ಳೆಯೂ ಮುತ್ತೇ. ರೋಗವನ್ನು ರೋಗವೆನ್ನದೆ, ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಬೇವಿನ ಹಾಸು, ತಂಪಿನ ಗಂಜಿ, ಮನೆಯಲ್ಲಿ ಒಗ್ಗರಣೆಯ ನಿಷೇಧ, ರೋಗಿಯ ಬಳಿ ಹೊರಗಿನವರು ಸುಳಿಯಬಾರದೆಂಬ ಕಟ್ಟು. ಇವೆಲ್ಲ ಪೂಜೆಯೂ ಹೌದು, ಶುಶ್ರೂಷೆಯೂ ಹೌದು. ಈ ಶುಶ್ರೂಷೆಯನ್ನು ಮಾಡಿದವರು ಹೆಂಗಸರು. ಅಮ್ಮನ ಗುಡಿಯಲ್ಲಿ ದೈವತ್ವವನ್ನು ಪಡೆದಿರುವುದು ಅವರ ನಿದ್ದೆಗೆಟ್ಟ ರಾತ್ರಿಗಳು.

೧೮೯೮ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಪೇಟೆಯೂ ದಂಡೂ ತತ್ತರಿಸಿದುವು. ಸರ್ಕಾರ ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ ಹೊಸ ಬಡಾವಣೆಗಳನ್ನು ಕಟ್ಟಿಸಿತು. ದಂಡಿನ ಭಾಗದಲ್ಲಿ ಫ್ರೇಜರ್ ಟೌನು ಎದ್ದದ್ದು ಹಾಗೆ. ಜನ ತಮ್ಮ ಪಾಲಿಗೆ ಪ್ಲೇಗಮ್ಮನನ್ನು ಕಂಡುಕೊಂಡರು. ಇದನ್ನು ಹಾಸ್ಯ ಮಾಡುವುದು ಸುಲಭ. ಆದರೆ ೨೦೨೧ರಲ್ಲಿ ಕೊಯಮತ್ತೂರಿನ ಬಳಿ ಕೊರೋನಾ ದೇವಿಯ ವಿಗ್ರಹ ಪ್ರತಿಷ್ಠೆಯಾದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಆಸ್ಪತ್ರೆಯ ಬಾಗಿಲಲ್ಲಿ ಹಾಸಿಗೆ ಸಿಗದ ವರ್ಷವದು. ಸಿಡುಬಾದರೋ ೧೯೭೫ರಲ್ಲಿ ಈ ದೇಶವನ್ನು ಬಿಟ್ಟಿತು, ೧೯೮೦ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಮುತ್ಯಾಲಮ್ಮ ಮಾತ್ರ ಶಿವಾಜಿನಗರವನ್ನು ಬಿಟ್ಟುಹೋಗಲಿಲ್ಲ. ಮಗನ ಕುಡಿತ, ಮಗಳ ಮದುವೆ, ಸಾಲಗಾರನ ಕಾಟ, ಇವುಗಳಿಗೆ ಇನ್ನೂ ದಾಕು ಹುಟ್ಟಿಲ್ಲ.

ಈ ದೇವತೆಗಳನ್ನು ಕುರಿತು ಬರೆದ ಹಳೆಯ ಗ್ರಂಥಗಳಲ್ಲಿ ಮದರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ಡರು ೧೯೧೬ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಗ್ರಾಮದೇವತೆಗಳ ಮೇಲಿನ ಇಂಗ್ಲಿಷ್ ಪುಸ್ತಕ ಪ್ರಸಿದ್ಧವಾದುದು. ಬೆಂಗಳೂರಿನ ಅಣ್ಣಮ್ಮನ ಗುಡಿಯ ಸಪ್ತ ಸೋದರಿಯರ ಹೆಸರುಗಳನ್ನು ಅವರು ಶ್ರದ್ಧೆಯಿಂದ ಬರೆದುಕೊಂಡಿದ್ದಾರೆ. ಅವರಲ್ಲಿ ಕೊಕ್ಕಲಮ್ಮ ಕೆಮ್ಮಿನವಳು, ಊದಲಮ್ಮ ಕತ್ತು ಊದುವ ಬೇನೆಯವಳು, ಸುಖಜಮ್ಮ ದಡಾರ ಸಿಡುಬುಗಳವಳು. ಅಷ್ಟರ ಮಟ್ಟಿಗೆ ಆ ಗ್ರಂಥಕ್ಕೆ ನಾವು ಋಣಿಗಳು. ಊರದೇವತೆಗಳು ಬಹುಮಟ್ಟಿಗೆ ಹೆಣ್ಣೇ ಆಗಿರುವುದೇಕೆಂಬ ಪ್ರಶ್ನೆಗೆ ಅವರು ಕೊಡುವ ಸಮಾಧಾನ ಮಾತ್ರ ಸಾಲದು. ಯುದ್ಧಜೀವಿಗಳಿಗೆ ಗಂಡುದೇವರು, ಒಕ್ಕಲಿಗರಿಗೆ ಹೆಣ್ಣುದೇವರು, ಬೇಸಾಯ ಮೊದಲು ಹೆಂಗಸಿನ ಕೆಲಸವಾಗಿತ್ತು ಎಂಬುದು ಅವರ ತರ್ಕ. ಹಾಗಿದ್ದರೆ ಒಂದು ಗೇಣು ಹೊಲವೂ ಇಲ್ಲದ ದಂಡಿನ ಕೇರಿಗಳಲ್ಲಿ, ಸಿಪಾಯಿಗಳ ನಡುವೆಯೇ, ಇಷ್ಟು ಅಮ್ಮಂದಿರು ಹೇಗೆ ಬೇರೂರಿದರು? ಬಿಷಪ್ಪರ ಗಮನವೆಲ್ಲ ಕೋಣದ ಬಲಿ, ರಕ್ತ, ವಿಧಿ ಇವುಗಳ ಮೇಲೆ. ಇಂದಿನ ಯಾತ್ರಿಕರು ರಕ್ತವನ್ನು ತೊಳೆದು ದೇವಿಯನ್ನು ಚೆಲುವೆಯನ್ನಾಗಿಸಿದರೆ, ಅಂದಿನ ಪಾದ್ರಿಗಳು ರಕ್ತವನ್ನಷ್ಟೇ ಕಂಡರು. ಗುಡಿಯ ಮುಂದೆ ನಿಂತ ಹೆಂಗಸು ಏನನ್ನು ಬೇಡಿಕೊಳ್ಳುತ್ತಿದ್ದಾಳೆಂದು ಕೇಳುವ ವ್ಯವಧಾನ ಇಬ್ಬರಿಗೂ ಇದ್ದಂತಿಲ್ಲ.

ನಮಗಿದೆಯೆ? ಈ ಪ್ರಶ್ನೆಯನ್ನು ಈ ಪತ್ರಿಕೆಯ ವಾಚಕರು ತಮಗೆ ತಾವೇ ಹಾಕಿಕೊಳ್ಳಬೇಕು. ಮಾರಿ ಮಸಣಿಯರ ಪೂಜೆಯನ್ನು ಶರಣರು ನಿರಾಕರಿಸಿದರು. ಭಯದಿಂದ ಹುಟ್ಟಿದ ಭಕ್ತಿ ಭಕ್ತಿಯಲ್ಲವೆಂಬುದು ಅವರ ನಿಲುವು. ಸ್ಥಾವರಕ್ಕೆ ಅಂಟಿದ ದೈವವನ್ನು ಅವರು ಅಂಗೈಗೆ ತಂದರು. ಆ ನಿಲುವಿನಲ್ಲಿ ನಮಗೆ ಸಂದೇಹವಿಲ್ಲ. ಆದರೆ ಶರಣರು ನಿರಾಕರಿಸುವುದರ ಜೊತೆಗೆ ಬೇರೊಂದನ್ನು ಕೊಟ್ಟರು. ದೇವಿಯನ್ನು ಹೊಗಳುವ ಬದಲು ಹೆಣ್ಣಿಗೆ ಮಾತನ್ನು ಕೊಟ್ಟರು. ಅಕ್ಕಮಹಾದೇವಿಯಲ್ಲದೆ ಅಕ್ಕಿ ಆಯುವ ಲಕ್ಕಮ್ಮ, ಸೂಳೆ ಸಂಕವ್ವೆ ಮುಂತಾಗಿ ಮೂವತ್ತಕ್ಕೆ ಮಿಕ್ಕಿದ ಶರಣೆಯರ ಹೆಸರಿನ ವಚನಗಳು ನಮಗೆ ಉಳಿದಿರುವುದು ಅದಕ್ಕೆ ಸಾಕ್ಷಿ. ಇಂದು ನಾವು ಆ ನಿರಾಕರಣೆಯನ್ನು ಮಾತ್ರ ಉಳಿಸಿಕೊಂಡು, ಕೊಟ್ಟದ್ದನ್ನು ಬಿಟ್ಟಿದ್ದೇವೆಂದು ಹೇಳಿದರೆ ತಪ್ಪಾಗಲಾರದು. ಅಂಬಲಿ ಹೊತ್ತು ನಡೆಯುವ ಕೆಲಸದ ಹೆಣ್ಣನ್ನು ಮೂಢಳೆಂದು ಕರೆದು ಮುಂದೆ ನಡೆಯುತ್ತೇವೆ. ಅವಳ ಮಗುವಿನ ಜ್ವರದ ಸುದ್ದಿ ನಮಗೆ ಬೇಡ.

ಹಾಗೆಂದು ಹರಕೆಯೆಲ್ಲ ಪವಿತ್ರವೆಂದು ಸಾರಲೂ ಬರುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯ ಪ್ರಸಂಗ ಇದಕ್ಕೆ ನಿದರ್ಶನ. ಅಲ್ಲಿನ ರೇಣುಕಾಂಬೆಗೆ ಹೆಂಗಸರು ಬೆತ್ತಲೆಯಾಗಿ ಸಲ್ಲಿಸುತ್ತಿದ್ದ ಸೇವೆಯನ್ನು ತಡೆಯಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ೧೯೮೬ರಲ್ಲಿ ಜಾತ್ರೆಯ ಜನ ಹಲ್ಲೆ ಮಾಡಿದರು. ಬಳಿಕ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಆಗ ಯು. ಆರ್. ಅನಂತಮೂರ್ತಿಯವರು ಬೆತ್ತಲೆ ಪೂಜೆ ಏಕೆ ಕೂಡದೆಂದು ಕೇಳುವ ಪ್ರಬಂಧವೊಂದನ್ನು ಬರೆದರು. ಆಧುನಿಕ ವಿಚಾರವಂತನಿಗೆ ಜನರ ಭಕ್ತಿಯನ್ನು ಅಳೆಯುವ ಅಧಿಕಾರವೆಲ್ಲಿಂದ ಬಂದಿತೆಂಬ ಅವರ ಆತ್ಮಶೋಧನೆ ಗೌರವಕ್ಕೆ ಅರ್ಹವಾದುದು. ಆದರೂ ನಮಗೆ ಒಂದು ಕೊರತೆ ಕಾಣುತ್ತದೆ. ಪ್ರಶ್ನೆಯು ಲೇಖಕನ ಅಂತಃಕರಣದ ಸುತ್ತಲೇ ಸುಳಿಯುತ್ತದೆ. ಆ ಹರಕೆಯನ್ನು ಹೊರಿಸಿದವರು ಯಾರು, ಹೊತ್ತವಳ ಜಾತಿ ಯಾವುದು, ಬೇಡವೆನ್ನುವ ಸ್ವಾತಂತ್ರ್ಯ ಅವಳಿಗಿತ್ತೆ ಎಂಬುದು ಹಿಂದೆ ಉಳಿಯುತ್ತದೆ. ಅದೇ ಜಿಲ್ಲೆಯ ಉಡುತಡಿಯಿಂದ ಹೊರಟ ಅಕ್ಕ ಉಟ್ಟುದನ್ನು ತೊರೆದದ್ದು ತನ್ನ ಇಚ್ಛೆಯಿಂದ. ಅರಸನ ಅರಮನೆಯನ್ನೇ ಬಿಟ್ಟು, ಕಲ್ಯಾಣದ ಅನುಭಾವಿಗಳ ಪ್ರಶ್ನೆಗಳಿಗೆ ಉತ್ತರವಿತ್ತು, ಶ್ರೀಶೈಲದ ಕದಳಿಗೆ ನಡೆದಳು. ಎರಡೂ ಬೆತ್ತಲೆಯೇ, ಎರಡೂ ಒಂದೇ ಅಲ್ಲ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಬಡಹುಡುಗಿಯರಿಗಾಗಿ ೧೯೮೨ರ ದೇವದಾಸಿ ಸಮರ್ಪಣ ನಿಷೇಧ ಶಾಸನ ಬರಬೇಕಾಯಿತು. ದೇವಿಯ ಮಹಿಮೆ ಹೆಚ್ಚಿದಷ್ಟೂ ಹೆಣ್ಣಿನ ಬಾಳು ಹಸನಾಗುತ್ತದೆಂಬ ಸರಳ ಲೆಕ್ಕವನ್ನು ಸವದತ್ತಿಯ ಗುಡ್ಡವೇ ಸುಳ್ಳು ಮಾಡಿದೆ.

ಮತ್ತೆ ಹಲಸೂರಿಗೆ ಬರೋಣ. ಅಲ್ಲಿನ ಸೋಮೇಶ್ವರ ದೇವಾಲಯ ಬೆಂಗಳೂರಿನ ಬಹು ಹಳೆಯ ಗುಡಿಗಳಲ್ಲೊಂದು. ಕಂಬಗಳ ಮೇಲಿನ ಶಿಲ್ಪ ನೋಡತಕ್ಕದ್ದು. ಅಲ್ಲಿ ಕಾಮಾಕ್ಷಿ ಪತಿಯ ಮಗ್ಗುಲಿನ ಗುಡಿಯಲ್ಲಿ ಸೌಮ್ಯಳಾಗಿ ನಿಂತಿದ್ದಾಳೆ. ಅಲ್ಲಿಂದ ಸ್ವಲ್ಪವೇ ದೂರದ ಕೇರಿಗಳಲ್ಲಿ ಗಂಡನಿಲ್ಲದ ಅಮ್ಮಂದಿರು ಕೆಂಪು ಸೀರೆಯುಟ್ಟು, ಕಣ್ಣರಳಿಸಿ, ಬೀದಿಯನ್ನೇ ನೋಡುತ್ತ ಕುಳಿತಿದ್ದಾರೆ. ೨೦೧೧ರಲ್ಲಿ ಬೆಂಗಳೂರಿನ ಮೊದಲ ಮೆಟ್ರೋ ರೈಲು ಓಡಿದ್ದು ಇದೇ ಹಾದಿಯಲ್ಲಿ. ಇಂದಿರಾನಗರದಲ್ಲಿ ಹತ್ತಿದವರು ಕೆಲವೇ ನಿಮಿಷಗಳಲ್ಲಿ ಹಲಸೂರಿನಲ್ಲಿ ಇಳಿಯಬಹುದು. ಹೆಣ್ಣುದೈವವನ್ನು ಕಾಣುವ ತವಕ ನಿಜವಾಗಿದ್ದವರಿಗೆ ಏಳು ಸಮುದ್ರಗಳಾಚೆಯ ಪಾಳುಗುಡಿಯವರೆಗೆ ಹೋಗುವ ಶ್ರಮವಿಲ್ಲ. ಆದರೆ ಇಲ್ಲಿಗೆ ಬಂದವರು ಒಳಗಿನ ದೇವಿಯನ್ನು ಎಚ್ಚರಿಸಿಕೊಂಡು ಹಿಂದಿರುಗುವಂತಿಲ್ಲ. ಅಂಬಲಿ ಬಡಿಸುತ್ತಿರುವವಳು ನಾಳೆ ತಮ್ಮದೇ ಮನೆಯ ಪಾತ್ರೆ ತಿಕ್ಕಲು ಬರುವವಳಾಗಿರಬಹುದು. ಅವಳ ಕೂಲಿ ಎಷ್ಟು, ಕಾಯಿಲೆಯ ದಿನ ರಜೆಯುಂಟೆ, ಮನೆಯ ಯಾವ ಲೋಟದಲ್ಲಿ ಅವಳಿಗೆ ಕಾಫಿ ಕೊಡುತ್ತೇವೆ ಎಂಬ ಪ್ರಶ್ನೆಗಳು ಗುಡಿಯ ಹೊಸ್ತಿಲಲ್ಲೇ ಎದುರಾಗುತ್ತವೆ. ಕೊಜುಮೆಲ್ಲಿನಲ್ಲಿ ಆ ತೊಂದರೆಯಿಲ್ಲ.

ಕೊನೆಯದಾಗಿ ಒಂದು ವಿನಂತಿ. ವೈಟ್‌ಹೆಡ್ಡರು ಬರೆದುಕೊಂಡದ್ದು ದೇವತೆಗಳ ಹೆಸರು. ಹರಕೆ ಹೊತ್ತವರ ಮಾತುಗಳನ್ನು ಬರೆದಿಡುವ ಕೆಲಸ ಬಹಳಷ್ಟು ಉಳಿದಿದೆ. ಹಲಸೂರು, ಶಿವಾಜಿನಗರ, ಕೃಷ್ಣರಾಜಪುರಗಳಲ್ಲಿ ನಮ್ಮ ವಾಚಕರ ಮನೆಗಳೂ ಇವೆ. ಮುಂದಿನ ಆಷಾಢದಲ್ಲಿ ಅವರು ತಮ್ಮ ಬೀದಿಯ ಅಮ್ಮನ ಗುಡಿಗೆ ಬರುವ ವೃದ್ಧೆಯರನ್ನು ಕಂಡು, ಯಾವ ವರ್ಷ, ಯಾವ ಕಾಯಿಲೆಗೆ, ಯಾರಿಗಾಗಿ ಹರಕೆ ಹೊತ್ತರು, ಅದನ್ನು ಹೇಗೆ ತೀರಿಸಿದರು, ಗಂಜಿ ಕಾಯಿಸುವಾಗ ಯಾವ ಹಾಡು ಹಾಡುತ್ತಿದ್ದರು ಎಂಬುದನ್ನು ಕೇಳಿ, ತಮಿಳಾಗಲಿ ತೆಲುಗಾಗಲಿ ದಖ್ಖನಿಯಾಗಲಿ ಕನ್ನಡವಾಗಲಿ, ಅವರಾಡಿದಂತೆಯೇ ಬರೆದಿಟ್ಟುಕೊಳ್ಳಬೇಕು. ಅವರ ಹೆಸರನ್ನು ಬರೆಯುವ ಮೊದಲು ಅವರ ಒಪ್ಪಿಗೆಯನ್ನು ಕೇಳಬೇಕು.